ರೊಟ್ಟಿ ಕೊಡದೆ ಫೋಟೊ ತೆಗೆದವರು

ಹಾಸನದ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಪಾತ್ರೆ ಹಿಡಿದ ಹಸಿದ ಹುಡುಗನ ಚಿತ್ರ ಪ್ರಕಟಿಸಿದ್ದೀರಿ. ಮಗುವಿಗೆ ತುತ್ತು ರೊಟ್ಟಿ ಕೊಡದೆ ಫೋಟೊ ತೆಗೆದವರನ್ನು ಕೊಂಡಾಡುವುದು ಸರಿಯೆ?’

ಸಂಪಾದಕರ ಉತ್ತರ: ಹಸಿವನ್ನು ಸರಕು ಮಾಡಿಕೊಂಡ ಛಾಯಾಗ್ರಾಹಕರು ಇದ್ದಾರೆ, ಅಲ್ಲವೆನ್ನುವುದಿಲ್ಲ. ಆದರೆ ಆ ಚಿತ್ರ ತೆಗೆದ ಡಚ್ ಛಾಯಾಗ್ರಾಹಕಿ ಎಮ್ಮಿ ಆಂದ್ರೀಸ್ಸೆ ಅವರನ್ನು ದಯವಿಟ್ಟು ಆ ಸಾಲಿಗೆ ಸೇರಿಸಬೇಡಿ. ಅವರ ಚೀಲದಲ್ಲಿ ರೊಟ್ಟಿ ಇತ್ತೆಂದು ನಿಮಗೆ ಹೇಳಿದವರು ಯಾರು?

ಎರಡನೇ ಮಹಾಯುದ್ಧದಲ್ಲಿ ನಾಜಿ ಜರ್ಮನಿಯ ವಶದಲ್ಲಿದ್ದ ನೆದರ್‌ಲೆಂಡ್ಸ್‌ನ ರೈಲ್ವೆ ನೌಕರರು 1944ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದರು. ಅದರ ಸೇಡಿಗೆ ಜರ್ಮನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ತಡೆದರು. ಆ ಚಳಿಗಾಲ ಆಮ್‌ಸ್ಟರ್‌ಡ್ಯಾಮಿನ ಜನ ಟುಲಿಪ್ ಗೆಡ್ಡೆ ಬೇಯಿಸಿ ತಿಂದರು, ಟ್ರಾಮ್ ಹಳಿಗಳ ನಡುವಿನ ಮರದ ತುಂಡುಗಳನ್ನು ಕಿತ್ತು ಒಲೆಗೆ ಹಾಕಿದರು. ದೇಶದಲ್ಲಿ ಸುಮಾರು 20,000 ಮಂದಿ ಸತ್ತರು. ಎಮ್ಮಿ ಯಹೂದಿ. ಅಲ್ಲಿಯವರೆಗೆ ತಲೆಮರೆಸಿಕೊಂಡಿದ್ದು, ಖೋಟಾ ಕಾಗದಪತ್ರದ ಬಲದಿಂದ ಆಗಷ್ಟೇ ಹೊರಗೆ ಕಾಲಿಟ್ಟಿದ್ದರು. ಬೀದಿಯಲ್ಲಿ ಚಿತ್ರ ತೆಗೆಯುವುದಕ್ಕೂ ನಿಷೇಧವಿತ್ತು. ಕಾಸ್ ಓರ್ಟ್‌ಹೌಸ್, ಚಾರ್ಲ್ಸ್ ಬ್ರೇಯರ್ ಮುಂತಾದ ಛಾಯಾಗ್ರಾಹಕರು ಕೋಟಿನ ಮರೆಯಲ್ಲೋ ಸೈಕಲ್ ಚೀಲದಲ್ಲೋ ಕ್ಯಾಮೆರಾ ಬಚ್ಚಿಟ್ಟು ಅದೇ ಕೆಲಸ ಮಾಡುತ್ತಿದ್ದರು. ಎಮ್ಮಿ ಆ ಗುಂಪಿನವರು. ಸಿಕ್ಕಿಬಿದ್ದಿದ್ದರೆ ಹೋಗುತ್ತಿದ್ದುದು ಕ್ಯಾಮೆರಾ ಒಂದೇ ಅಲ್ಲ, ಪ್ರಾಣವೂ ಹೋಗುತ್ತಿತ್ತು.

ಆ ಚಿತ್ರವನ್ನು ಇನ್ನೊಮ್ಮೆ ನೋಡಿ. ಸಪೂರ ಕಾಲುಗಳು, ಕೈಯಲ್ಲೊಂದು ಪಾತ್ರೆ. ಹುಡುಗ ಭಿಕ್ಷೆ ಬೇಡುತ್ತಿಲ್ಲ. ನೋಡುವವರ ಕಣ್ಣೀರು ಹಿಂಡಲು ಅಲ್ಲಿ ಯಾವ ಏರ್ಪಾಟೂ ಇಲ್ಲ. 1945ರಲ್ಲಿ ದೇಶ ಜರ್ಮನರಿಂದ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಈ ಗುಂಪಿನ ಚಿತ್ರಗಳು ಆಮ್‌ಸ್ಟರ್‌ಡ್ಯಾಮಿನಲ್ಲೇ ಪ್ರದರ್ಶನಗೊಂಡವು. ಹಸಿದವರೇ ಬಂದು ನೋಡಿದ ಚಿತ್ರಗಳವು. ಸುಳ್ಳು ಇದ್ದಿದ್ದರೆ ಅಲ್ಲೇ ಬಯಲಾಗುತ್ತಿತ್ತು.

1914ರಲ್ಲಿ ಹೇಗ್ ನಗರದಲ್ಲಿ ಹುಟ್ಟಿದ ಎಮ್ಮಿ ಜಾಹೀರಾತು ವಿನ್ಯಾಸ ಕಲಿತು ಛಾಯಾಗ್ರಹಣಕ್ಕೆ ಬಂದವರು. ಯುದ್ಧದ ನಂತರ ಫ್ಯಾಷನ್ ಚಿತ್ರಗಳನ್ನೂ ಕಲಾವಿದರ ಭಾವಚಿತ್ರಗಳನ್ನೂ ತೆಗೆದರು, ವಾನ್ ಗಾಗ್ ಓಡಾಡಿದ ಊರುಗಳನ್ನು ಅರಸಿ ಹೋದರು. 1953ರಲ್ಲಿ, 39ನೇ ವಯಸ್ಸಿಗೇ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು.

ನಿಮ್ಮಂಥ ಸೂಕ್ಷ್ಮ ಓದುಗರು ಸಿಟ್ಟಾಗಬೇಕಾದ ಸಂಗತಿ ಬೇರೆಯೇ ಇದೆ. ಬರದ ಸುದ್ದಿ ಬಂದಾಗಲೆಲ್ಲ ಬಿರುಕುಬಿಟ್ಟ ಅದೇ ಹೊಲ, ಆಕಾಶ ನೋಡುವ ಅದೇ ಮುದುಕ. ಕೆಳಗೆ ‘ಸಾಂದರ್ಭಿಕ ಚಿತ್ರ’ ಎಂಬ ಒಕ್ಕಣೆ. ಯಾವ ಊರು, ಯಾವ ವರ್ಷ, ತೆಗೆದವರು ಯಾರು? ಬಿಸಿಲಲ್ಲಿ ನಿಂತು ಆ ಚಿತ್ರ ತೆಗೆದ ಜಿಲ್ಲಾ ಛಾಯಾಗ್ರಾಹಕನ ಹೆಸರು ಹಾಕಲು ಅರ್ಧ ಸಾಲಿನ ಜಾಗವಿಲ್ಲವಂತೆ. ಅಂಥ ಚಿತ್ರ ಕಂಡಾಗಲೂ ಆ ಪತ್ರಿಕೆಗೆ ಇಷ್ಟೇ ಖಾರವಾಗಿ ಒಂದು ಪತ್ರ ಬರೆಯಿರಿ.