ಕುಮಾವೂಂ: ಹುಲಿಯ ಕಥೆ, ಹಳ್ಳಿಯ ಕಥೆ

ಮಾನ್ಯರೇ,

ತೇಜಸ್ವಿಯವರ ಭಾವಾನುವಾದದಲ್ಲಿ ಬೇಟೆಗಾರ ಜಿಮ್ ಕಾರ್ಬೆಟ್ ಅವರ ಕಥೆಗಳನ್ನು ಓದಿ ಬೆಳೆದ ತಾವು ನೈನಿತಾಲ್ ಪ್ರವಾಸಕ್ಕೆ ಹೊರಡುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ: ಕಾರ್ಬೆಟ್ ನರಭಕ್ಷಕ ಚಿರತೆಯನ್ನು ಕೊಂದ ರುದ್ರಪ್ರಯಾಗವೂ ಉತ್ತರಾಖಂಡದ ಕುಮಾವೂಂ ಸೀಮೆಗೇ ಸೇರಿದ್ದೇ? ಹುಲಿಗಳನ್ನು ಕೊಂದವರ ಹೆಸರನ್ನು ಹುಲಿಗಳ ಕಾಡಿಗೇ ಇಟ್ಟದ್ದು ಸರಿಯೇ?

ರುದ್ರಪ್ರಯಾಗವಿರುವುದು ಪಕ್ಕದ ಗಢವಾಲದಲ್ಲಿ. ನೈನಿತಾಲ್, ಅಲ್ಮೋರಾ, ಬಾಗೇಶ್ವರ, ಚಂಪಾವತ್, ಪಿಥೋರಾಗಢಗಳು ಕುಮಾವೂಂನವು.

ಎರಡನೆಯ ಪ್ರಶ್ನೆಗಾಗಿ ಚಂಪಾವತ್‌ನ ಹೆಣ್ಣುಹುಲಿಯ ಪ್ರಸಂಗವನ್ನು ಮತ್ತೊಮ್ಮೆ ಓದಬೇಕೆಂದು ಕೋರುತ್ತೇನೆ. 1907ರಲ್ಲಿ ಅದನ್ನು ಕೊಲ್ಲುವ ಹೊತ್ತಿಗೆ ನೇಪಾಳ ಮತ್ತು ಕುಮಾವೂಂಗಳಲ್ಲಿ 436 ಜನ ಬಲಿಯಾಗಿದ್ದರೆಂದು ಕಾರ್ಬೆಟ್ ಬರೆದಿದ್ದಾರೆ. ಸತ್ತ ಹುಲಿಯ ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು, ಕೆಳಗಿನದು ದವಡೆಯ ಮೂಳೆಯವರೆಗೂ ಮುರಿದುಹೋಗಿತ್ತು. ಹಿಂದೆಂದೋ ಯಾರೋ ಹಾರಿಸಿದ್ದ ಗುಂಡಿನ ಫಲವದು. ಸಹಜ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರ ಮೇಲೆರಗಿತ್ತು, ಮತ್ತು ಅದರ ಕೊನೆಯ ಬಲಿ ಸೌದೆ ಆಯಲು ಹೋಗಿದ್ದ ಹದಿಹರೆಯದ ಹುಡುಗಿ. ನರಭಕ್ಷಕವನ್ನು ರಾಕ್ಷಸನೆಂದು ಬಣ್ಣಿಸದೆ, ಗುರಿ ತಪ್ಪಿದ ಬಂದೂಕಿನ ಹೊಣೆಯನ್ನು ಮುಂದಿಟ್ಟದ್ದಕ್ಕಾಗಿಯೇ ಅವರ ಬರಹ ನನಗೆ ದೊಡ್ಡದಾಗಿ ಕಾಣುತ್ತದೆ. ಮುಂದೆ ಅವರು ಕ್ಯಾಮೆರಾ ಹಿಡಿದರು. 1936ರಲ್ಲಿ, ಪ್ರಾಂತ್ಯದ ಗವರ್ನರ್ ಆಗಿದ್ದ ಹೇಲಿ ಹೆಸರಿನಲ್ಲಿ ಸ್ಥಾಪನೆಯಾದ ದೇಶದ ಮೊದಲ ರಾಷ್ಟ್ರೀಯ ಉದ್ಯಾನಕ್ಕಾಗಿ ದುಡಿದರು. 1955ರಲ್ಲಿ ಅವರು ತೀರಿಕೊಂಡ ಬಳಿಕ ಅದಕ್ಕೆ ಅವರ ಹೆಸರಿಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ. ಹುಲಿಗಳನ್ನು ಉಳಿಸುವ ಸರ್ಕಾರದ ‘ಹುಲಿ ಯೋಜನೆ’ 1973ರಲ್ಲಿ ಆರಂಭವಾದದ್ದೂ ಅಲ್ಲಿಂದಲೇ.

ಹಾಗೆಂದು ಆ ಕಾಲದ ಮೋಜಿನ ಬೇಟೆಯನ್ನು ಮನ್ನಿಸಬೇಕಿಲ್ಲ. ಹಿಮಾಲಯದ ಲಾವುಗೆ ಹಕ್ಕಿ 1876ರಲ್ಲಿ ನೈನಿತಾಲ್ ಬಳಿ ಸಿಕ್ಕಿದ್ದೇ ಕೊನೆ. ಆಮೇಲೆ ಅದರ ಖಚಿತ ದಾಖಲೆಯೇ ಇಲ್ಲ.

ಆದರೆ ಕುಮಾವೂಂ ಅನ್ನು ಶಿಕಾರಿ ಸಾಹಿತ್ಯದಿಂದಷ್ಟೇ ಅರಿತರೆ, ಹಳ್ಳಿಯವರು ಹುಲಿಗೆ ಹೆದರಿ ಬಾಗಿಲು ಹಾಕಿಕೊಂಡವರಾಗಿ ಮಾತ್ರ ನಮ್ಮ ಮನಸ್ಸಿನಲ್ಲಿ ಉಳಿದುಬಿಡುತ್ತಾರೆ. ಪ್ರವಾಸ ಬಂದ ಅಧಿಕಾರಿಗಳ ಹೊರೆಯನ್ನು ಕೂಲಿಯಿಲ್ಲದೆ ಹೊರಲೇಬೇಕೆಂಬ ಬಿಟ್ಟಿ ಚಾಕರಿ ಅಲ್ಲಿತ್ತು. ಅದಕ್ಕೆ ಕುಲಿ ಬೇಗಾರ್ ಎನ್ನುತ್ತಿದ್ದರು. 1921ರ ಮಕರ ಸಂಕ್ರಾಂತಿಯ ಉತ್ತರಾಯಣಿ ಜಾತ್ರೆಯಲ್ಲಿ ಬಾಗೇಶ್ವರಕ್ಕೆ ಬಂದು ಸೇರಿದ ಜನ, ಯಾರು ಹೊರೆ ಹೊರಬೇಕೆಂದು ಹೆಸರು ಬರೆದಿಟ್ಟಿದ್ದ ರಿಜಿಸ್ಟರ್‌ಗಳನ್ನು ಸರಯೂ ನದಿಗೆ ಎಸೆದರು. ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದ ಬದರಿದತ್ತ ಪಾಂಡೆಯವರು 1937ರಲ್ಲಿ ಹಿಂದಿಯಲ್ಲಿ ಪ್ರಕಟಿಸಿದ ಕುಮಾವೂಂ ಇತಿಹಾಸವನ್ನು, ತಮಗೆ ಹಿಂದಿ ಬರುವುದಾದರೆ, ಕಾರ್ಬೆಟ್ ಜೊತೆಗಿಟ್ಟು ಓದಿರಿ.

ಕಾಲಾಢೂಂಗಿಯಲ್ಲಿರುವ ಕಾರ್ಬೆಟ್ ಅವರ ಚಳಿಗಾಲದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅದನ್ನು ನೋಡಿ ಹಿಂದಿರುಗುವ ಬದಲು, ಅಲ್ಮೋರಾ ಮತ್ತು ಕವಿ ಸುಮಿತ್ರಾನಂದನ ಪಂತರ ಹುಟ್ಟೂರಾದ ಕೌಸಾನಿಯ ಮಾರ್ಗವಾಗಿ ಬಾಗೇಶ್ವರದವರೆಗೂ ಹೋಗಿಬನ್ನಿ.

– ಸಂಪಾದಕ