ಕೋಣೆಯೊಳಗಿನ ಗಿಡಗಳಿಗೆ ತೇವಾಂಶ ಸಾಲದಿದ್ದರೆ

ಹ್ಯುಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಯಂತ್ರ) ಇಟ್ಟರೂ ಗಿಡದ ಕೋಣೆಯ ತೇವಾಂಶ ಶೇ. 30 ದಾಟುತ್ತಿಲ್ಲ, ಎಲೆತುದಿ ಕಂದಾಗುತ್ತಿದೆ ಎಂದು ಚಿತ್ರ ಕಳಿಸಿ ಕೇಳಿದ್ದೀರಿ. ತೇವಾಂಶ ಏರದಿರಲು ಮುಖ್ಯ ಕಾರಣ ಹಗಲೂರಾತ್ರಿ ಓಡುವ ಎಕ್ಸಾಸ್ಟ್ ಫ್ಯಾನ್ ಎಂದೇ ನನ್ನ ಅನಿಸಿಕೆ. ಹ್ಯುಮಿಡಿಫೈಯರ್ ಉಗುಳಿದ ಹಬೆಯನ್ನೆಲ್ಲ ಅದೇ ಹೊರಗೆಳೆಯುತ್ತಿದೆ.

ಮೊದಲು ತೇವಾಂಶ ಮಾಪಕವನ್ನು ಪರೀಕ್ಷಿಸಿ. ಅಗ್ಗದವು ಬಹಳ ಸಲ ತಪ್ಪು ತೋರಿಸುತ್ತವೆ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಮುದ್ದೆಯಾಗುವಷ್ಟು ಮಾತ್ರ ನೆನೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಅದು ಶೇ. 75ರ ಆಸುಪಾಸು ತೋರಿಸಬೇಕು. ವ್ಯತ್ಯಾಸವಿದ್ದರೆ ಲೆಕ್ಕಕ್ಕೆ ಹಿಡಿಯಿರಿ.

ಆಮೇಲೆ ಫ್ಯಾನಿನ ವೇಗ ಇಳಿಸಿ, ಇಲ್ಲವೇ ಟೈಮರ್ ಹಾಕಿ ಬಿಟ್ಟು ಬಿಟ್ಟು ಓಡಿಸಿ. ಪೂರ್ತಿ ನಿಲ್ಲಿಸಬೇಡಿ, ಬೂಷ್ಟು ಬರುತ್ತದೆ. ದೀಪದ ಶಾಖವನ್ನೂ ಗಮನಿಸಿ: ಗಾಳಿಯಲ್ಲಿ ಅಷ್ಟೇ ನೀರಾವಿ ಇದ್ದರೂ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸಾಪೇಕ್ಷ ತೇವಾಂಶ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ; ಮಾಪಕ ತೋರಿಸುವುದು ಇದನ್ನೇ) ಸುಮಾರು ಅರ್ಧಕ್ಕಿಳಿಯುತ್ತದೆ. ದೀಪವನ್ನು ತುಸು ಮಂದ ಮಾಡಿದರೂ ಫಲ ಕಾಣಬಹುದು.

ಇಷ್ಟಾದ ಮೇಲೆ ಹ್ಯುಮಿಡಿಫೈಯರ್ ಹಾಕಿ, ಹಬೆ ನೇರ ಎಲೆಗೆ ತಾಗದಂತೆ. ಗಡಸು ನೀರು ಬೇಡ, ಎಲೆಗಳ ಮೇಲೆ ಬಿಳಿ ಪುಡಿ ಕೂರುತ್ತದೆ. ಜರೀಗಿಡ, ಆರ್ಕಿಡ್‌ಗಳಿಗೆ ಶೇ. 50ರಿಂದ 60 ಸಾಕು. ಎಲೆಗೆ ನೀರು ಚಿಮುಕಿಸುವುದನ್ನು ನೆಚ್ಚಿಕೊಳ್ಳಬೇಡಿ. ಅದರ ಪರಿಣಾಮ ಕೆಲವೇ ನಿಮಿಷ.

ಎಲೆತುದಿ ಕಂದಾಗುವುದಕ್ಕೆ ಒಣಗಾಳಿಯೊಂದೇ ಕಾರಣವೆಂದು ಚಿತ್ರ ನೋಡಿ ಖಚಿತವಾಗಿ ಹೇಳಲಾರೆ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಗೊಬ್ಬರದ ಲವಣ ಹೆಚ್ಚಾಗಿರಬಹುದು. ಆಗ ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಹಾಕಿ, ಹೊಸದಾಗಿ ಬರುವ ಎಲೆಗಳನ್ನು ನೋಡಿ. ಕಂದಾದ ತುದಿ ಮತ್ತೆ ಹಸಿರಾಗುವುದಿಲ್ಲ.