ಅಳ್ಳಾಡಿದ ಫೋಟೊ, ಬೇಕಂತಲೇ

ಪ್ರಶ್ನೆ: ಶರಣಬಸವೇಶ್ವರ ತೇರಿನ ಫೋಟೊ ಎಲ್ಲಾ ಅಳ್ಳಾಡಿದಾಂಗ ಬಂದಾವ. ಶಟರ್ (ಬೆಳಕು ಒಳಗ ಬಿಡೋ ಹೊತ್ತು) 1/60 ಸೆಕೆಂಡ್ ಇತ್ತು. ಅಣ್ಣ ಅಳಿಸಿಬಿಡು ಅಂತಾನ, ನನಗ ಒಂದೆರಡು ಚಲೋ ಅನಸ್ತಾವ. ಏನ್ ಮಾಡ್ಲಿ?
– ಓದುಗರು, ಕಲಬುರಗಿ

ಉತ್ತರ: ಅಳಿಸುವ ಮುಂಚೆ ದೊಡ್ಡದು ಮಾಡಿ ಕಳಸವನ್ನು ನೋಡಿ. ಅದರ ಅಂಚು ಎರಡೆರಡಾಗಿದ್ದರೆ ಕ್ಯಾಮೆರಾ ಅಲುಗಿದೆ. ಕಳಸ ನೆಟ್ಟಗಿದ್ದು ಜನರ ಕೈಗಳಷ್ಟೇ ಹರಡಿದ್ದರೆ ಆ ಫೋಟೊ ಇಟ್ಟುಕೊಳ್ಳಿ. ಜಾತ್ರೆಯ ಗದ್ದಲಕ್ಕೆ 1/60 ಅತ್ತಲೂ ಅಲ್ಲ, ಇತ್ತಲೂ ಅಲ್ಲ: ಕೈಯಲ್ಲಿ ಹಿಡಿದರೆ ನಿಂತದ್ದು ಎಷ್ಟೋ ಸಲ ಚೂಪಾಗುವುದಿಲ್ಲ, ಓಡುವುದು ಹರಿಯುವುದಿಲ್ಲ, ನೋಡಿದವರಿಗೆ ತಪ್ಪು ಎಂದೇ ಅನಿಸುತ್ತದೆ. ಮುಂದಿನ ಸಲ 1/8ಕ್ಕೆ ಇಳಿಸಿ. ಕ್ಯಾಮೆರಾವನ್ನು ಮಾಳಿಗೆಯ ಗೋಡೆಗೆ ಒತ್ತಿ ಹಿಡಿದು, ತೇರು ಅರೆಗಳಿಗೆ ನಿಂತಾಗ ಸಾಲಾಗಿ ನಾಲ್ಕೈದು ತೆಗೆಯಿರಿ. ಗುಂಡಿ ಒತ್ತಿದ ಏಟಿಗೆ ಮೊದಲನೆಯದು ಅಲುಗಿರುತ್ತದೆ, ಮೂರನೆಯದು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಎಸೆದ ಉತ್ತತ್ತಿ, ಬಾಳೆಹಣ್ಣು ಗೆರೆಗಳಾಗಿ ಬರುತ್ತವೆ, ನಡುವೆ ತೇರು ಗಟ್ಟಿಯಾಗಿ ನಿಂತಿರುತ್ತದೆ.

ಪ್ರಶ್ನೆ: ಹೂ ಬಿಟ್ಟ ತೊಗರಿ ಹೊಲವನ್ನು ಬಣ್ಣದ ಪಟ್ಟೆಗಳಂತೆ ತೆಗೆಯಬೇಕು. ಹಗಲಲ್ಲಿ ಶಟರ್ ನಿಧಾನ ಮಾಡಿದರೆ ಪೂರ್ತಿ ಬೆಳ್ಳಗಾಗುತ್ತದೆ.
– ಓದುಗರು, ಸೇಡಂ

ಉತ್ತರ: ಶಟರ್ ತೆರೆದಿರುವಾಗ ಕ್ಯಾಮೆರಾವನ್ನೇ ತಿರುಗಿಸಿದರೆ ಬಣ್ಣಗಳು ಪಟ್ಟೆಗಳಾಗುತ್ತವೆ. ಚಳಿಗಾಲಕ್ಕೆ ಮುಂಚಿನ ತೊಗರಿ ಹೊಲ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ: ಕೆಳಗೆ ಕಪ್ಪು ಎರೆಮಣ್ಣು, ಮೇಲೆ ಹಸಿರು, ಹಳದಿ, ಆಕಾಶ. ಬಿಸಿಲಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ) ಎಫ್/16 ಇಟ್ಟರೂ ಶಟರ್ 1/125ರ ಹತ್ತಿರವೇ ಇರುತ್ತದೆ. ಎನ್‌ಡಿ64 ಫಿಲ್ಟರ್ ಬೆಳಕನ್ನು 64ನೇ ಒಂದು ಭಾಗಕ್ಕೆ ಇಳಿಸುತ್ತದೆ, ಆಗ ಸುಮಾರು ಅರ್ಧ ಸೆಕೆಂಡು ಸಿಗುತ್ತದೆ. ಫಿಲ್ಟರ್ ಇಲ್ಲದಿದ್ದರೆ ಸೂರ್ಯ ಮುಳುಗಿದ ಮೇಲೆ ಹೋಗಿ.

ಮೊದಲು ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಹಾಕಿ. ಇಲ್ಲದಿದ್ದರೆ ಲೆನ್ಸ್ ಪ್ರತಿ ಸಲ ಫೋಕಸ್ ಹುಡುಕುತ್ತಾ ತಡವರಿಸುತ್ತದೆ. ಸ್ಟೆಬಿಲೈಸರ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಇರಲಿ, ಅದು ನಿಮ್ಮ ಚಲನೆಗೆ ಎದುರು ಎಳೆಯುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಸೊಂಟದಿಂದ ತಿರುಗಿ. ತಿರುಗುವುದು ಶುರುವಾದ ಮೇಲೆ ಗುಂಡಿ ಒತ್ತಿ, ಶಟರ್ ಮುಚ್ಚಿದ ಮೇಲೂ ತಿರುಗುತ್ತಲೇ ಇರಿ. ಒತ್ತುವಾಗ ಕೈ ತಡೆದರೆ ಪಟ್ಟೆಯ ತುದಿಯಲ್ಲಿ ಕೊಕ್ಕೆಯಂಥ ಬಾಗು ಬರುತ್ತದೆ. ದಿಗಂತಕ್ಕೆ ಸಮಾನಾಂತರವಾಗಿ ತಿರುಗಿದರೆ ಬಣ್ಣಗಳು ಬೇರೆ ಬೇರೆ ಉಳಿಯುತ್ತವೆ, ಸ್ವಲ್ಪ ವಾಲಿದರೂ ಎಲ್ಲ ಕಲಸಿ ಮಣ್ಣುಬಣ್ಣವಾಗುತ್ತದೆ. ಬದುವಿನ ಬೇವಿನ ಮರಕ್ಕೆ ಮಾತ್ರ ಮೇಲಿಂದ ಕೆಳಗೆ ಆಡಿಸಿ.

ಇನ್ನೊಂದು ಮಾತು. ಎಲ್ಲವೂ ಹರಡಿದ ಫೋಟೊದಲ್ಲಿ ಒಂದು ಕಪ್ಪು ಚುಕ್ಕೆ ಮಾತ್ರ ಚುಕ್ಕೆಯಾಗಿಯೇ ಉಳಿದಿದ್ದರೆ ಅದು ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲಿನ ಧೂಳು. ಧೂಳು ಸೆನ್ಸರ್ ಜೊತೆಗೇ ತಿರುಗುವುದರಿಂದ ಗೆರೆಯಾಗುವುದಿಲ್ಲ, ಎಫ್/16ರಲ್ಲಿ ಇನ್ನೂ ಎದ್ದು ಕಾಣುತ್ತದೆ. ಹೊಲಕ್ಕೆ ಹೊರಡುವ ಮುಂಚೆ ಬ್ಲೋವರ್‌ನಿಂದ ಊದಿಕೊಳ್ಳಿ. ಗಾಳಿಯಲ್ಲಿ ನಿಂತು ಲೆನ್ಸ್ ಬದಲಿಸಬೇಡಿ.

ಪ್ರಶ್ನೆ: ಬಿದರಿ ಕುಶಲಕರ್ಮಿಯ ಕೈ ಚಲಿಸುತ್ತಿರಬೇಕು, ಹೂಜಿ ಸ್ಪಷ್ಟವಿರಬೇಕು. ಶಟರ್ ಎಷ್ಟು?
– ಓದುಗರು, ಬೀದರ್

ಉತ್ತರ: 1/15ರಿಂದ ಶುರು ಮಾಡಿ. 1/4ಕ್ಕೆ ಹೋದರೆ ಸುತ್ತಿಗೆಯ ಒಂದು ಏಟೇ ಪೂರ್ತಿ ಮುಗಿದು ಕೈ ಹೊಗೆಯಂತೆ ಕರಗುತ್ತದೆ. ಸುತ್ತಿಗೆ ಎತ್ತಿದ ತುದಿಯಲ್ಲಿ ಕೈ ಒಂದು ಕ್ಷಣ ತಡೆಯುತ್ತದೆ, ಅಲ್ಲಿ ಅಚ್ಚು ಗಾಢವಾಗಿ ಬೀಳುತ್ತದೆ. ಆ ತುದಿಗೆ ಸ್ವಲ್ಪ ಮುಂಚೆ ಒತ್ತಿದರೆ ಬೆರಳುಗಳೂ ತಿಳಿಯುತ್ತವೆ, ಚಲನೆಯೂ ಉಳಿಯುತ್ತದೆ. ಟ್ರೈಪಾಡ್ ಅವರು ಕುಳಿತ ಹಲಗೆಯ ಮೇಲೆ ಬೇಡ, ಪ್ರತಿ ಏಟಿಗೂ ನಡುಗುತ್ತದೆ. ಬರಿ ನೆಲದ ಮೇಲಿಡಿ. ಕಪ್ಪು ಮೈಯಲ್ಲಿ ಬೆಳ್ಳಿಯ ಕೆತ್ತನೆ ಬೇಗ ಬಿಳಿಯಾಗಿ ಕೆಡುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧದಷ್ಟು) ಕಡಿಮೆ ಇಡಿ.

ಪ್ರಶ್ನೆ: ನನ್ನ ಹತ್ತಿರ ಇರುವುದು ಮೊಬೈಲ್ ಮಾತ್ರ. ಇದರಲ್ಲಿ ಆದೀತೇ?
– ಓದುಗರು, ಯಾದಗಿರಿ

ಉತ್ತರ: ಆಗುತ್ತದೆ. ಪ್ರೊ ಮೋಡ್‌ನಲ್ಲಿ ಐಎಸ್‌ಒವನ್ನು ಅತಿ ಕಡಿಮೆಗೆ, ಶಟರ್ ಅನ್ನು 1/4ಕ್ಕೆ ಇಡಿ. ಹೆಚ್ಚಿನ ಮೊಬೈಲ್‌ಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ, ಹಾಗಾಗಿ ಮುಸ್ಸಂಜೆಯ ಹೊತ್ತೇ ಬೇಕು. ನೈಟ್ ಮೋಡ್ ಮಾತ್ರ ಹಾಕಬೇಡಿ: ಅದು ಹಲವು ಫ್ರೇಮ್‌ಗಳನ್ನು ಜೋಡಿಸಿ, ನೀವು ಬೇಕೆಂದೇ ಮಾಡಿದ ಅಲುಗಾಟವನ್ನು ಅಳಿಸಿಹಾಕಲು ನೋಡುತ್ತದೆ.